ಲಡಾಖ್‌ಗೆ ರೇಷನ್ ಹತ್ತಿಸಿದ್ದು ಹೀಗೆ: ಎಎಸ್‌ಸಿಯಲ್ಲಿ ನನ್ನ ಅನುಭವ

ಲಡಾಖ್‌ನಲ್ಲಿ ಚಳಿಗಾಲದ ಊಟದ ಲೆಕ್ಕ ಬೇಸಿಗೆಯಲ್ಲೇ ಮುಗಿದಿರಬೇಕು. ನವೆಂಬರ್ ಹೊತ್ತಿಗೆ ಹಿಮ ಬಿದ್ದು ಶ್ರೀನಗರ-ಲೇಹ್ ರಸ್ತೆಯ ಜೋಜಿಲಾ ಕಣಿವೆದಾರಿ ಮುಚ್ಚಿದರೆ, ನಮ್ಮ ಕಾಲದಲ್ಲಿ ಮತ್ತೆ ದಾರಿ ಬಿಡುತ್ತಿದ್ದುದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಅಷ್ಟೂ ದಿನಕ್ಕೆ ಬೇಕಾದ ಅಕ್ಕಿ, ಹಿಟ್ಟು, ಬೇಳೆ, ಸೀಮೆಎಣ್ಣೆ, ಡೀಸೆಲ್ ಎಲ್ಲ ಅದಕ್ಕೆ ಮೊದಲೇ ಮೇಲೆ ಹೋಗಿ ಕೂತಿರಬೇಕು. ಸೇನೆಯಲ್ಲಿ ಇದನ್ನು ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಅಂತಾರೆ. ನಾನು ಎಎಸ್‌ಸಿಯಲ್ಲಿ, ಅಂದರೆ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಮೊದಲು ಡ್ರೈವರ್ ಆಗಿ, ಆಮೇಲೆ ಕಾನ್ವಾಯ್, ಅಂದರೆ ಲಾರಿಗಳ ಸಾಲು ನೋಡಿಕೊಳ್ಳುವ ಹವಾಲ್ದಾರ್ ಆಗಿ ಈ ಕೆಲಸ ಮಾಡಿದವನು.

ಹೊರಗಿನವರಿಗೆ ಒಂದು ಗೊಂದಲ ಇದ್ದೇ ಇರುತ್ತದೆ. ಸಾಮಾನು ಕೊಡುವವರೆಲ್ಲ ಒಂದೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಊಟ, ಇಂಧನ, ಲಾರಿ, ಹೇಸರಗತ್ತೆ ನಮ್ಮದು. ಬಟ್ಟೆ, ಬೂಟು, ಮದ್ದುಗುಂಡು, ಬಿಡಿಭಾಗದ ಗೋದಾಮು ಆರ್ಡ್ನೆನ್ಸ್ ಕೋರ್‌ನವರದು. ಕೆಟ್ಟಿದ್ದನ್ನು ರಿಪೇರಿ ಮಾಡುವುದು ಇಎಂಇ, ಅಂದರೆ ಸೇನೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್‌ಗಳ ಕೋರ್. ಆರ್ಡ್ನೆನ್ಸ್‌ನವರ ಗುಂಡಿನ ಪೆಟ್ಟಿಗೆಯನ್ನು ಮೇಲಕ್ಕೆ ಒಯ್ಯುವುದು ನಮ್ಮ ಲಾರಿಯೇ. ನಮ್ಮ ಲಾರಿ ಕೆಟ್ಟರೆ ಎಳೆಯುವುದು ಇಎಂಇ ಗಾಡಿ. ಹೀಗಾಗಿ ಒಬ್ಬರನ್ನೊಬ್ಬರು ಬೈದುಕೊಂಡೇ ಒಟ್ಟಿಗೆ ಇರುತ್ತಿದ್ದೆವು!

ನಮ್ಮ ಕೋರ್ ತನ್ನ ಹುಟ್ಟನ್ನು 1760ರಿಂದ ಲೆಕ್ಕ ಹಾಕುತ್ತದೆ, ಈಸ್ಟ್ ಇಂಡಿಯಾ ಕಂಪನಿಯ ಕಮಿಸರಿಯಟ್, ಅಂದರೆ ಸೇನೆಗೆ ಊಟ-ಸಾಮಾನು ಒದಗಿಸುವ ಇಲಾಖೆಯ ಕಾಲದಿಂದ. ಆಮೇಲೆ ಹೆಸರು ಹಲವು ಸಲ ಬದಲಾಯಿತು. ಬೆಂಗಳೂರಿನ ಎಎಸ್‌ಸಿ ಸೆಂಟರ್‌ನಲ್ಲಿ ನಮಗೆ ಇದನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು. ನನಗೆ ಹೆಸರುಗಳಿಗಿಂತ ಹಿಡಿಸಿದ್ದು ಫೋರ್ಸ್ ಕೆ6 ಅನ್ನುವ ಹೇಸರಗತ್ತೆ ಪಡೆಯ ಕಥೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೇನೆ ಪೂರ್ತಿ ಮೋಟಾರು ಗಾಡಿಗೆ ಬದಲಾಗಿತ್ತು. ಫ್ರಾನ್ಸಿನ ಚಳಿ, ಕೆಸರಿನಲ್ಲಿ ಗಾಡಿ ಹೋಗದ ಕಡೆಗೆ ಹೇಸರಗತ್ತೆ ಬೇಕಾಯಿತು. 1939ರ ಡಿಸೆಂಬರ್‌ನಲ್ಲಿ ಭಾರತದಿಂದ ಹೇಸರಗತ್ತೆ ಕಂಪನಿಗಳು ಮಾರ್ಸೆಯ್ ಬಂದರಿನಲ್ಲಿ ಇಳಿದವು. ಮರುವರ್ಷ ಜರ್ಮನರು ಮುನ್ನುಗ್ಗಿದಾಗ ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಹಡಗು ಹತ್ತಿ ಪಾರಾದವರಲ್ಲಿ ಆ ಕಂಪನಿಗಳ ಜನರೂ ಇದ್ದರು. ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಒಂದು ಕಂಪನಿ ಜರ್ಮನರ ಕೈಗೆ ಸಿಕ್ಕಿಬಿತ್ತು.

ಈ ಕಥೆ ಕೇಳುವಾಗ ಹಳೇ ಕಾಲದ್ದು ಅನ್ನಿಸಿತ್ತು. ಲಡಾಖ್‌ಗೆ ಹೋದ ಮೇಲೆ ಅದೇ ಕೆಲಸ ಕಣ್ಣೆದುರಿಗೆ ಇತ್ತು. ಬೇಸ್ ಎಲ್ಲಿರಬೇಕು ಅನ್ನುವುದನ್ನು ನಕ್ಷೆಯಲ್ಲಿ ಸುಮ್ನೆ ಬೆರಳಿಟ್ಟು ಯಾರೂ ಆರಿಸುವುದಿಲ್ಲ. ಒಂದು ಬಗೆಯ ಸಾಗಣೆ ಮುಗಿದು ಇನ್ನೊಂದು ಶುರುವಾಗುವ ಕಡೆ ಅದು ತಾನಾಗಿ ಹುಟ್ಟುತ್ತದೆ. ರೈಲು ನಿಂತ ಕಡೆ ದೊಡ್ಡ ಡಿಪೋ. ದೊಡ್ಡ ಲಾರಿ ನಿಂತ ಕಡೆ ಚಿಕ್ಕ ಡಿಪೋ. ಗಾಡಿಯೇ ಹೋಗದ ಕಡೆ ಹೇಸರಗತ್ತೆಯ ಲಾಯ. ಅಲ್ಲಿಂದಾಚೆಗೆ ಮನುಷ್ಯನ ಬೆನ್ನು.

1948ರಲ್ಲಿ ಪಾಕಿಸ್ತಾನದ ಕಡೆಯವರ ದಾಳಿಯಿಂದ ಲಡಾಖ್ ಉಳಿದದ್ದೂ ಹೀಗೆ ಸಾಗಣೆಯ ಬಗೆ ಬದಲಾದದ್ದರಿಂದಲೇ. ಲೇಹ್‌ಗೆ ಗಾಡಿ ಹೋಗುವ ದಾರಿಯೇ ಇರಲಿಲ್ಲ. ಎಂಜಿನಿಯರ್ ಸೋನಮ್ ನೊರ್ಬು ಊರಿನವರನ್ನು ಸೇರಿಸಿಕೊಂಡು ವಿಮಾನ ಇಳಿಯುವಷ್ಟು ನೆಲ ಸಮ ಮಾಡಿಸಿದರು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನ ಇಳಿಸಿದರು. ಜೊತೆಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅದೇ ವರ್ಷ ನವೆಂಬರ್ 1ಕ್ಕೆ ಸ್ಟುವರ್ಟ್ ಟ್ಯಾಂಕ್‌ಗಳು ಜೋಜಿಲಾ ಹತ್ತಿದವು. ಟ್ಯಾಂಕಿನವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರವೂ ಬೆಂಗಳೂರಿನಲ್ಲೇ ಇದೆ, ಹಲಸೂರು ಕೆರೆಯ ಪಕ್ಕ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ.

ಲೋಡಿಂಗ್ ಸರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕೊನೆಗೆ ಇಳಿಸುವುದನ್ನು ಮೊದಲು ತುಂಬಬೇಕು, ಇದು ಯಾರಿಗಾದರೂ ಗೊತ್ತು. ಸೀಮೆಎಣ್ಣೆ ಮತ್ತು ಹಿಟ್ಟು ಒಂದೇ ಗಾಡಿಯಲ್ಲಿ ಇರಕೂಡದು. ಒಂದು ಕ್ಯಾನ್ ಜಿನುಗಿದರೆ ಅಷ್ಟೂ ಹಿಟ್ಟು ವಾಸನೆ. ಹೊಸಬರಿಗೆ ಹೊಳೆಯದಿರುವುದು ಇನ್ನೊಂದು. ಒಂದು ಪೋಸ್ಟ್‌ಗೆ, ಅಂದರೆ ಗಡಿಯ ಕಾವಲು ಠಾಣೆಗೆ ಹೋಗುವ ಉಪ್ಪು, ಬೆಂಕಿಪೊಟ್ಟಣ, ಸಕ್ಕರೆಯನ್ನು ಒಂದೇ ಲಾರಿಗೆ ತುಂಬಿಸುತ್ತಾರೆ, ಎಣಿಸಲು ಸುಲಭ ಅಂತ. ಆ ಒಂದು ಗಾಡಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ? ಉಳಿದೆಲ್ಲ ತಲುಪಿ ಉಪ್ಪು ಮಾತ್ರ ಇಲ್ಲ ಅಂದರೆ ಅಡುಗೆಯವನು ಏನು ಮಾಡಬೇಕು? ನಾನು ಅಂಥ ಸಾಮಾನನ್ನು ಮೂರ್ನಾಲ್ಕು ಗಾಡಿಗೆ ಹಂಚಿಸುತ್ತಿದ್ದೆ. ಕ್ಲರ್ಕ್‌ಗೆ ಸಿಟ್ಟು ಬರುತ್ತಿತ್ತು. ಬರಲಿ.

ಡ್ರೈವರ್‌ಗಳು ಮೈದಾನದಿಂದ ನೇರ ಮೇಲೆ ಓಡಿಸುವಂತಿಲ್ಲ. 9,000 ಅಡಿ ದಾಟಿದ ಮೇಲೆ ಮೊದಲ ಹಂತಕ್ಕೆ ಆರು ದಿನ, 12,000 ಅಡಿ ಮೇಲಿನ ಎರಡನೇ ಹಂತಕ್ಕೆ ನಾಲ್ಕು ದಿನ ಮೈ ಒಗ್ಗಿಸಿಕೊಳ್ಳಬೇಕು. ಟ್ರಾನ್ಸಿಟ್ ಕ್ಯಾಂಪ್‌ಗಳು ಇರುವುದು ಇದಕ್ಕೂ ಹೌದು, ಬರೀ ಮಲಗುವುದಕ್ಕಲ್ಲ.

ಕಾನ್ವಾಯ್‌ನಲ್ಲಿ ಜಾಸ್ತಿ ಭಾರದ, ನಿಧಾನದ ಗಾಡಿ ಮುಂದೆ ಇರುತ್ತದೆ. ಇಲ್ಲದಿದ್ದರೆ ಏರಿನಲ್ಲಿ ಸಾಲು ತುಂಡಾಗಿ ಹಿಂದಿನವರು ಒಂಟಿಯಾಗುತ್ತಾರೆ. ಬಾಲದಲ್ಲಿ ಮೆಕ್ಯಾನಿಕ್ ಮತ್ತು ರಿಕವರಿ ಗಾಡಿ. ಓವರ್‌ಟೇಕ್ ಇಲ್ಲವೇ ಇಲ್ಲ. ಜೋಜಿಲಾ ಎತ್ತರ 3,500 ಮೀಟರ್‌ಗೆ ಸ್ವಲ್ಪ ಮೇಲೆ, ಲಡಾಖ್‌ನ ಬೇರೆ ಕಣಿವೆದಾರಿಗಳ ಮುಂದೆ ಅದು ಕುಳ್ಳು. ಆದರೂ ಅದಕ್ಕೇ ಎಲ್ಲರೂ ಹೆದರುತ್ತಿದ್ದೆವು. ಕಿರಿದಾದ ದಾರಿ, ಮಣ್ಣು, ಕೆಳಗೆ ಬಾಲ್‌ತಾಲ್ ಕಣಿವೆ. ಅದಕ್ಕೇ ಅಲ್ಲಿ ಒಂದು ಹೊತ್ತು ಹತ್ತುವ ಗಾಡಿ, ಇನ್ನೊಂದು ಹೊತ್ತು ಇಳಿಯುವ ಗಾಡಿ.

ಚಳಿಯಲ್ಲಿ ಗಾಡಿ ನಿಲ್ಲಿಸುವುದೇ ಒಂದು ವಿದ್ಯೆ. ಸಂಜೆ ಗಾಡಿ ನಿಂತ ಕೂಡಲೇ ಏರ್ ಬ್ರೇಕ್ ಟ್ಯಾಂಕಿನ ಕೆಳಗಿನ ಕಾಕ್ ತಿರುಗಿಸಿ ನೀರು ಬಿಡಬೇಕು. ಬಿಡದಿದ್ದರೆ ರಾತ್ರಿ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬ್ರೇಕೇ ಇಲ್ಲ. ನೆನೆದ ಗಾಡಿಗೆ ಹ್ಯಾಂಡ್‌ಬ್ರೇಕ್ ಹಾಕಿ ಮಲಗಿದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿ ಕೂರುತ್ತದೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡುವುದೇ ಸರಿ. ಡೀಸೆಲ್ ಮೇಣದ ಹಾಗೆ ಗಟ್ಟಿಯಾಗುವ ಕಾಟ ಬೇರೆ. ನಾವು ರಾತ್ರಿ ಎದ್ದೆದ್ದು ಎಂಜಿನ್ ಓಡಿಸುತ್ತಿದ್ದೆವು. ಮೈನಸ್ 33 ಡಿಗ್ರಿವರೆಗೂ ಗಟ್ಟಿಯಾಗದ ಡೀಸೆಲ್ ಲಡಾಖ್‌ಗೆ ಬಂದದ್ದು 2019ರಲ್ಲಿ. ಈಗಿನ ಹುಡುಗರು ಆ ಮಟ್ಟಿಗೆ ಪುಣ್ಯವಂತರು.

ಡಿಪೋದಲ್ಲಿ ನಿಜವಾದ ಕೆಲಸ ದೊಡ್ಡದನ್ನು ಚಿಕ್ಕದು ಮಾಡುವುದು. 200 ಲೀಟರಿನ ಬ್ಯಾರೆಲ್‌ನಿಂದ 20 ಲೀಟರಿನ ಜೆರಿಕ್ಯಾನ್‌ಗೆ. ಯಾಕೆಂದರೆ ಬ್ಯಾರೆಲ್ಲನ್ನು ಯಾವ ಪ್ರಾಣಿಯೂ ಹೊರಲಾರದು. ಜೆರಿಕ್ಯಾನ್ ಆದರೆ ಹೇಸರಗತ್ತೆಯ ಎರಡು ಪಕ್ಕಕ್ಕೂ ಕಟ್ಟಬಹುದು, ಆಳೂ ಹೊರಬಹುದು. ಚೀಲಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆ ಮೇಲೆ ಅಟ್ಟಿ ಹಾಕಿ, ನಡುವೆ ಓಡಾಡಲು ದಾರಿ ಬಿಡುತ್ತಿದ್ದೆವು. ಮೊದಲು ಬಂದದ್ದು ಮೊದಲು ಹೋಗಬೇಕು. ಮೊಟ್ಟೆ ಹೆಪ್ಪುಗಟ್ಟಿ ಒಡೆಯುತ್ತದೆ, ಆಲೂಗಡ್ಡೆ ಕರಗಿದ ಮೇಲೆ ಕೊಳೆಯುತ್ತದೆ. ಹೀಗಾಗಿ ಚಳಿಗಾಲಕ್ಕೆ ಡಬ್ಬಿ ಊಟ, ಒಣಗಿಸಿದ ತರಕಾರಿಯೇ ಗತಿ. ಬಿಸಿ ಮಾಡಿ ತಿನ್ನುವ ಪೊಟ್ಟಣದ ಊಟದ ಹಿಂದೆ 1961ರಲ್ಲಿ ಶುರುವಾದ ಮೈಸೂರಿನ ಡಿಎಫ್‌ಆರ್‌ಎಲ್, ಅಂದರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಕೆಲಸ ಇದೆ. ಅದರ ಸೂಜಿ (ರವೆ) ಹಲ್ವಾ ತಿಂದು ನಾನು ಪಕ್ಕದ ಪಂಜಾಬಿಗೆ ನಮ್ಮೂರಿನ ಕಡೆಯದ್ದು ಅಂತ ಜಂಭ ಕೊಚ್ಚಿದ್ದೂ ಉಂಟು.

ರಸ್ತೆ ಮುಗಿದ ಕಡೆ ಎಟಿ (ಅನಿಮಲ್ ಟ್ರಾನ್ಸ್‌ಪೋರ್ಟ್) ಕಂಪನಿ, ಅಂದರೆ ಹೇಸರಗತ್ತೆಯವರು. ನಾವು ಖಚ್ಚರ್ ಅಂತಲೇ ಕರೆಯುತ್ತಿದ್ದುದು. ಒಂದು ಹೊರುವುದು ಸುಮಾರು 70 ಕಿಲೋ. ನಮ್ಮ ಒಂದು ಲಾರಿ ಐದು ಟನ್. ಒಂದು ಲಾರಿ ಖಾಲಿಯಾಗಲು 70ಕ್ಕೂ ಹೆಚ್ಚು ಹೇಸರಗತ್ತೆ ಬೇಕು, ಅಥವಾ ಕೆಲವೇ ಹೇಸರಗತ್ತೆ ದಿನಗಟ್ಟಲೆ ಓಡಾಡಬೇಕು. ಲಾರಿ ಎಷ್ಟು ಬೇಗ ಬಂದರೇನು, ಮೇಲಿನ ಪೋಸ್ಟ್‌ಗೆ ಸಾಮಾನು ಮುಟ್ಟುವ ವೇಗ ಅವುಗಳದ್ದೇ. ಪೆಡೊಂಗಿ ಅನ್ನುವ ಹೇಸರಗತ್ತೆ 1971ರ ಯುದ್ಧದಲ್ಲಿ ಪಾಕಿಸ್ತಾನಿಗಳ ಕೈಗೆ ಸಿಕ್ಕಿ, ಬೆನ್ನ ಮೇಲಿನ ಅವರದೇ ಹೊರೆ ಸಮೇತ ನಮ್ಮ ಕಡೆಗೆ ವಾಪಸು ನಡೆದು ಬಂದಿತ್ತು. ಲಾಯದವರು ಈ ಕಥೆಯನ್ನು ಪ್ರತಿ ಹೊಸಬನಿಗೂ ಹೇಳುತ್ತಾರೆ.

1999ರ ಕಾರ್ಗಿಲ್ ಯುದ್ಧ ಯಾಕಾಯಿತು ಅಂತ ಯಾರಾದರೂ ಕೇಳಿದರೆ ನಾನು ದ್ರಾಸ್ ಹತ್ತಿರದ ರಸ್ತೆಯನ್ನೇ ತೋರಿಸುತ್ತೇನೆ. ಅಲ್ಲಿನ ತೊಲೊಲಿಂಗ್ ಬೆಟ್ಟದ ಮೇಲೆ ಕೂತವನಿಗೆ ಕೆಳಗೆ ಹೋಗುವ ಪ್ರತಿ ಲಾರಿಯೂ ಕಾಣುತ್ತದೆ. ಶತ್ರುವಿಗೆ ಬೇಕಾಗಿದ್ದು ಬರೀ ಬೆಟ್ಟವಲ್ಲ, ಲೇಹ್‌ಗೆ ರೇಷನ್ ಹೋಗುವ ದಾರಿ. ರಾತ್ರಿ ಲೈಟ್ ಆರಿಸಿ ಓಡಿಸುವ ಅಭ್ಯಾಸ ಅಲ್ಲಿ ಎಷ್ಟು ಜನರ ಜೀವ ಉಳಿಸಿತೋ.

ಈಗ ಲೆಕ್ಕ ಮತ್ತೆ ಬದಲಾಗುತ್ತಿದೆ. 2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗದಿಂದ ಮನಾಲಿ ಕಡೆ ರೋಹ್ತಾಂಗ್ ಕಣಿವೆದಾರಿ ಹತ್ತುವ ಕಷ್ಟ ತಪ್ಪಿತು. ಶ್ರೀನಗರದ ಕಡೆ ಸೋನಮಾರ್ಗ್ ಸುರಂಗ 2025ರ ಜನವರಿಯಲ್ಲಿ ತೆರೆಯಿತು. ಜೋಜಿಲಾ ಕೆಳಗೂ ಕೊರೆಯುತ್ತಿದ್ದಾರೆ. ಅದೂ ಮುಗಿದರೆ ನಾವು ಬೇಸಿಗೆಯಿಡೀ ಮಾಡುತ್ತಿದ್ದ ಕೆಲಸದಲ್ಲಿ ಒಂದಷ್ಟನ್ನು ಚಳಿಗಾಲಕ್ಕೂ ಹಂಚಬಹುದು. ದೊಡ್ಡ ಡಿಪೋಗಳು ಅಷ್ಟೊಂದು ತುಂಬಿರಬೇಕಿಲ್ಲ. ಆದರೆ ಲೇಹ್‌ನಿಂದಾಚೆ ಖಾರ್ದುಂಗ್ ಲಾ ಕಣಿವೆದಾರಿ ಇದ್ದೇ ಇದೆ, ಅದರಾಚೆ ರಸ್ತೆಯೇ ಇಲ್ಲದ ಪೋಸ್ಟ್‌ಗಳಿವೆ. ಸುರಂಗ ಬಂತಲ್ಲ, ಇನ್ನು ಖಚ್ಚರ್ ಯಾಕೆ ಅಂತ ಕೇಳುವವರನ್ನು ನಾನು ಒಂದು ಜೆರಿಕ್ಯಾನ್ ಹೊರಿಸಿ ಅಲ್ಲಿಗೆ ಕಳಿಸಬೇಕು ಅಂತೀನಿ.