ಮೇಷ್ಟ್ರ ಕಾರಿಗೆ ಮೂರನೇ ಬ್ಯಾಟರಿ ತಪ್ಪಿಸಿದ್ದು

ಪಾಂಡವಪುರ ಕಡೆಯ ಮೇಷ್ಟ್ರೊಬ್ಬರ ಹಳೇ ಪೆಟ್ರೋಲ್ ಕಾರು. ಮೂರು ದಿನ ನಿಂತರೆ ನಾಲ್ಕನೇ ದಿನ ಬರೀ ಟಕ್ ಟಕ್. ಒಂದೂವರೆ ವರ್ಷದಲ್ಲಿ ಎರಡು ಬ್ಯಾಟರಿ, ಹತ್ತಿರತ್ತಿರ ಒಂಬತ್ತು ಸಾವಿರ ನೀರಿಗೆ ಹೋಗಿತ್ತು. ಮಂಡ್ಯದ ನಮ್ಮ ಅಂಗಡಿಗೆ ಬಂದಾಗ ಮೂರನೆಯದಕ್ಕೂ ದುಡ್ಡು ತಂದಿದ್ದರು. "ಇನ್ನೊಂದ್ ಹಾಕ್ಬುಟ್ಟು ಕಳ್ಸು, ತಲೆ ಯಾಕ್ ಕೆಡಿಸ್ಕತೀಯ" ಅಂದ ಪಕ್ಕದ ಟಿಂಕರಿಂಗ್ ಅಣ್ಣ. ನಾನು ಮೇಷ್ಟ್ರಿಗೆ, "ಎರಡು ದಿನ ಗಾಡಿ ಬಿಟ್ಟು ಹೋಗಿ ಸಾರ್" ಅಂದೆ.

ಚಾರ್ಜಿಂಗ್ ನೋಡಿದೆ, 14.1 ವೋಲ್ಟ್. ಚೆನ್ನಾಗೇ ಇದೆ. ಹಾಗಾಗಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ತಂಟೆಗೆ ಯಾರೂ ಹೋಗಿರಲಿಲ್ಲ. ನಾನೂ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಿಂತ ಗಾಡಿ ಎಷ್ಟು ಕರೆಂಟ್ ಕುಡಿಯುತ್ತೆ ನೋಡೋಣ ಅಂತ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಡುವೆ ಮೀಟರನ್ನ ಸೀರೀಸಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟೆ. ಗಾಡಿ ನಿದ್ದೆಗೆ ಜಾರಬೇಕಲ್ಲ. ಅಷ್ಟರಲ್ಲಿ ನಮ್ಮ ಹುಡುಗ ಒಳಗೆ ಕೂತು ಸೆಲ್ಫ್ ಹೊಡೆದ! ಮೀಟರಿನ ಹತ್ತು ಆಂಪ್ ಫ್ಯೂಸ್ ಹೋಯ್ತು. ಆ ಸೈಜು ಇಲ್ಲಿ ಸಿಗದೆ ಮೈಸೂರಿಂದ ತರಿಸಿದೆ, ಬಸ್ ಚಾರ್ಜೂ ಸೇರಿ ಇನ್ನೂರಾಯ್ತು. ಅವತ್ತಿಂದ ಕೀ ನನ್ನ ಜೇಬಲ್ಲೇ.

ಮಾರನೇ ದಿನ ಮೀಟರ್ ತೋರಿಸಿದ್ದು 380 ಮಿಲಿಆಂಪ್ ಆಸುಪಾಸು. 50ರೊಳಗೆ ಇದ್ದಿದ್ದರೆ ಸುಮ್ನಿರುತ್ತಿದ್ದೆ. ದಿನಕ್ಕೆ ಒಂಬತ್ತು ಆಂಪ್‌ಅವರ್ ಸೋರಿದರೆ 35ರ ಬ್ಯಾಟರಿ ಎಲ್ಲಿ ತಡೆಯುತ್ತೆ? ಹೊರಗೆ ಹಾಕಿಸಿದ ಸ್ಟೀರಿಯೋ ಮೇಲೆ ಅನುಮಾನ ಬಂತು. ಡ್ಯಾಶ್‌ಬೋರ್ಡ್ ಬಿಚ್ಚಿ ಅರ್ಧ ದಿನ ಹಾಳು, ಇಳಿದಿದ್ದು ಹತ್ತೇ ಮಿಲಿಆಂಪ್. ಆಮೇಲೆ ಫ್ಯೂಸ್ ಒಂದೊಂದೇ ಕಿತ್ತೆ. ಎಲ್ಲ ಬೆಂಚಿನ ಮೇಲೆ ಬಿದ್ದಿವೆ, ಮೀಟರ್ 360ರಿಂದ ಕೆಳಗಿಳಿಯಲ್ಲ. ಟಿಂಕರಿಂಗ್ ಅಣ್ಣ ಟೀ ಕುಡಿಯುತ್ತಾ ನಗುತ್ತಿದ್ದ.

ಫ್ಯೂಸ್ ಬಾಕ್ಸ್ ದಾಟದೆ ಬ್ಯಾಟರಿಯಿಂದ ನೇರ ಹೋಗೋದು ಎರಡೇ ದಪ್ಪ ವೈರು, ಒಂದು ಸೆಲ್ಫಿಗೆ, ಇನ್ನೊಂದು ಆಲ್ಟರ್ನೇಟರಿಗೆ. ಮೀಟರ್ ತೆಗೆದಿಟ್ಟು ಆಲ್ಟರ್ನೇಟರಿನ ವೈರ್ ಬಿಚ್ಚಿ ಟೇಪ್ ಸುತ್ತಿದೆ, ಫ್ಯೂಸೆಲ್ಲ ವಾಪಸ್ ಹಾಕಿದೆ. ಮತ್ತೆ ಮೀಟರ್ ಹಾಕಿ ಅರ್ಧ ಗಂಟೆ ಆದಮೇಲೆ ನೋಡಿದರೆ ಇಪ್ಪತ್ತು! ಆಲ್ಟರ್ನೇಟರ್ ಒಳಗೆ ಕರೆಂಟನ್ನ ಒಂದೇ ಕಡೆಗೆ ಬಿಡಬೇಕಾದ ಡಯೋಡ್ ಹಿಂದಕ್ಕೆ ಸೋರುತ್ತಿತ್ತು, ಚಾರ್ಜಿಂಗ್ ಮಾತ್ರ ಠಾಕುಠೀಕು. ಡಯೋಡ್ ಪ್ಲೇಟ್, ಕೂಲಿ ಎಲ್ಲ ಸೇರಿ ಸಾವಿರದ ಎಂಟುನೂರು ತಗೊಂಡೆ. ಮೇಷ್ಟ್ರು ಹತ್ತು ದಿನ ಊರಲ್ಲಿರಲಿಲ್ಲ, ಬಂದು ಒಂದೇ ಸೆಲ್ಫಿಗೆ ಸ್ಟಾರ್ಟ್ ಮಾಡಿದರಂತೆ.

ಈಗ ಮೊದಲು ರಾತ್ರಿಯೆಲ್ಲ ನಿಂತ ಗಾಡಿಯ ಆಲ್ಟರ್ನೇಟರ್ ಮೇಲೆ ಅಂಗೈ ಇಡುತ್ತೇನೆ. ಉಗುರುಬೆಚ್ಚಗಿದ್ದರೆ ಅಲ್ಲೇ ಕಳ್ಳ. ಫ್ಯೂಸ್ ಕೀಳದೆ ಅದರ ಬೆನ್ನಿಗೆ ಮೀಟರಿನ ಪ್ರೋಬ್ ಇಟ್ಟು ಮಿಲಿವೋಲ್ಟಲ್ಲಿ ನೋಡೋದನ್ನೂ ಶುರು ಮಾಡಿದ್ದೇನೆ, ಕರೆಂಟ್ ಹರಿಯುತ್ತಿದ್ದರೆ ಅಲ್ಲಿ ಚೂರು ವೋಲ್ಟೇಜ್ ತೋರಿಸುತ್ತೆ. ಯಾವ ಫ್ಯೂಸಲ್ಲಿ ಎಷ್ಟು ಮಿಲಿವೋಲ್ಟಿಗೆ ಎಷ್ಟು ಕರೆಂಟ್ ಅನ್ನೋ ಚೀಟಿ ನನ್ನ ಡ್ರಾಯರಲ್ಲಿದೆ. ಅದನ್ನ ಮಾತ್ರ ಕೇಳಬೇಡಿ.