ಒಂದೇ ತಂಡ, ಎರಡು ಚಿತ್ರ: ಇಂಡಿಯಾನಾ ಜೋನ್ಸ್‌ನ ಮೊದಲೆರಡು ಸಾಹಸಗಳನ್ನು ನಾನು ಹೋಲಿಸಿ ನೋಡಿದ ಬಗೆ

ನನ್ನ ಕೆಲಸ ಎಡಿಟಿಂಗ್. ಗೆಳೆಯರ ಸಿನಿಮಾ ಕೂಟದಲ್ಲಿ ಸಾಹಸ ಚಿತ್ರಗಳ ಎರಡನೇ ಭಾಗದ ಬಗ್ಗೆ ಮಾತಾಡಿ ಅಂದಾಗ, ಇಡೀ ಚಿತ್ರದ ಎದುರು ಇಡೀ ಚಿತ್ರ ಇಟ್ಟು ತೂಗಲು ಹೋಗಲಿಲ್ಲ. ‘ಮೊದಲನೆಯದೇ ಚೆನ್ನಾಗಿತ್ತು’ ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ಯಾಕೆ ಚೆನ್ನಾಗಿತ್ತು ಅನ್ನುವುದು ಅದರಿಂದ ತಿಳಿಯುವುದಿಲ್ಲ. ಎರಡೂ ಚಿತ್ರಗಳಲ್ಲಿ ಒಂದೇ ಕೆಲಸ ಮಾಡುವ ದೃಶ್ಯಗಳನ್ನು ಹುಡುಕಿ, ಪಕ್ಕಪಕ್ಕ ಇಟ್ಟು, ಶಾಟ್ ಶಾಟ್ ನಿಲ್ಲಿಸಿ ನೋಡುವುದು ನನ್ನ ರೂಢಿ. ಮೊದಲ ಸಲ ಸೌಂಡ್ ಆಫ್ ಮಾಡಿರುತ್ತೇನೆ. ಸಂಗೀತ ಇದ್ದರೆ ಮನಸ್ಸು ಅದರ ಹಿಂದೆಯೇ ಹೋಗಿಬಿಡುತ್ತದೆ, ಶಾಟ್ ಕಣ್ಣಿಗೆ ಬೀಳುವುದಿಲ್ಲ.

ನಾನು ಆರಿಸಿಕೊಂಡದ್ದು 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಮತ್ತು 1984ರ ‘ಟೆಂಪಲ್ ಆಫ್ ಡೂಮ್’. ಕಾರಣ ಇದೆ. ಎರಡಕ್ಕೂ ನಿರ್ದೇಶಕ ಸ್ಪೀಲ್‌ಬರ್ಗ್, ಕ್ಯಾಮೆರಾ ಡಗ್ಲಸ್ ಸ್ಲೊಕೊಂಬ್, ಸಂಗೀತ ಜಾನ್ ವಿಲಿಯಮ್ಸ್, ಎಡಿಟಿಂಗ್ ಮೈಕಲ್ ಕಾನ್. ನಾಯಕ ಇಂಡಿಯಾನಾ ಜೋನ್ಸ್ ಅನ್ನುವ ಪುರಾತತ್ವಜ್ಞ, ಚಿಕ್ಕದಾಗಿ ಇಂಡಿ. ಆ ಪಾತ್ರ ಹ್ಯಾರಿಸನ್ ಫೋರ್ಡ್ ಅವರದು. ಉದ್ದವೂ ಹೆಚ್ಚುಕಮ್ಮಿ ಒಂದೇ, ಎರಡು ಗಂಟೆಗೆ ಸ್ವಲ್ಪ ಕಡಿಮೆ. ಮುಖ್ಯವಾಗಿ ಬದಲಾದದ್ದು ಚಿತ್ರಕಥೆ ಬರೆದವರು. ಮೊದಲನೆಯದು ಲಾರೆನ್ಸ್ ಕ್ಯಾಸ್ಡನ್ ಅವರದು, ಎರಡನೆಯದು ವಿಲ್ಲರ್ಡ್ ಹೈಕ್ ಮತ್ತು ಗ್ಲೋರಿಯಾ ಕಾಟ್ಜ್ ಅವರದು. ತಂಡ ಅದೇ ಇದ್ದು ಬರವಣಿಗೆ ಬದಲಾದರೆ ಏನಾಗುತ್ತದೆ ಅಂತ ನೋಡಲು ಇಷ್ಟು ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಶುರು ಮಾಡಿದ್ದು ಎರಡು ಹೊಡೆದಾಟಗಳಿಂದ. ಮೊದಲ ಚಿತ್ರದಲ್ಲಿ ವಿಮಾನದ ಪಕ್ಕ ಇಂಡಿಯನ್ನು ಚಚ್ಚುವ ಬೋಳುತಲೆಯ ದೈತ್ಯ ಮತ್ತು ಎರಡನೆಯದರಲ್ಲಿ ಗಣಿಯೊಳಗಿನ ಕಾವಲುಗಾರರ ಮುಖ್ಯಸ್ಥ, ಇಬ್ಬರೂ ಒಬ್ಬನೇ ನಟ, ಪ್ಯಾಟ್ ರೋಚ್. ವಿಮಾನದ ದೃಶ್ಯದಲ್ಲಿ ಮೂರು ಅಪಾಯ ಒಟ್ಟಿಗೆ ಓಡುತ್ತವೆ. ಇಂಡಿ ಏಟು ತಿನ್ನುತ್ತಿದ್ದಾನೆ. ಅವನ ಗೆಳತಿ ಮೇರಿಯನ್ ಕಾಕ್‌ಪಿಟ್‌ನಲ್ಲಿ ಸಿಕ್ಕಿಕೊಂಡಿದ್ದಾಳೆ, ವಿಮಾನ ತನ್ನಷ್ಟಕ್ಕೆ ಸುತ್ತುತ್ತಿದೆ. ಇಂಧನ ನೆಲದ ಮೇಲೆ ಬೆಂಕಿಯ ಕಡೆಗೆ ಹರಿಯುತ್ತಿದೆ. ಇವುಗಳಲ್ಲಿ ಯಾವುದೂ ಮೇಲಿಂದ ಬಂದು ಬಿದ್ದದ್ದಲ್ಲ. ಪೈಲಟ್‌ನ ತಲೆಗೆ ಹೊಡೆದವಳು ಮೇರಿಯನ್. ಅವನು ಕುಸಿದು ಬಿದ್ದದ್ದಕ್ಕೇ ವಿಮಾನ ಸುತ್ತುತ್ತದೆ, ಸುತ್ತಿದ್ದಕ್ಕೇ ರೆಕ್ಕೆ ಇಂಧನದ ಟ್ಯಾಂಕರ್‌ಗೆ ತಾಗುತ್ತದೆ. ಸೌಂಡ್ ಇಲ್ಲದೆ ನೋಡಿದರೂ ಎಲ್ಲ ಅರ್ಥವಾಗುತ್ತದೆ.

ಗಣಿಯ ಹೊಡೆದಾಟದಲ್ಲೂ ಮೂರು ಎಳೆ ಇವೆ. ಕಲ್ಲು ಪುಡಿ ಮಾಡುವ ಯಂತ್ರದ ಕಡೆಗೆ ಸಾಗುವ ಬೆಲ್ಟ್ ಮೇಲೆ ಇಬ್ಬರ ಕಾದಾಟ, ಮೇಲೆ ನಿಂತು ಇಂಡಿಗೆ ನೋವಾಗಲಿ ಅಂತ ಅವನ ಹೆಸರಿನ ಮಾಟದ ಗೊಂಬೆಗೆ ಚುಚ್ಚುವ ಬಾಲ ಮಹಾರಾಜ, ಅವನನ್ನು ತಡೆಯಲು ಹತ್ತುವ ಪುಟ್ಟ ಹುಡುಗ ಶಾರ್ಟ್ ರೌಂಡ್. ಕಾನ್ ಅವರ ಕತ್ತರಿ ಇಲ್ಲಿ ಇನ್ನೂ ಚುರುಕು. ಚುಚ್ಚಿದ ಕೂಡಲೇ ನೋವು, ನೋವಿನ ಕೂಡಲೇ ಹುಡುಗನ ಮುಖ. ಆದರೆ ಆ ಗೊಂಬೆ ಮಾತ್ರ ಹೊರಗಿನಿಂದ ತಂದಿಟ್ಟದ್ದು. ಪೆಟ್ಟು ತಿನ್ನುವವನು ಎದ್ದು ನಿಲ್ಲಬಾರದು ಅಂತ ಬರಹಗಾರರಿಗೆ ಒಂದು ನೆಪ ಬೇಕಿತ್ತು, ಅಷ್ಟೆ. ಕೌಶಲ ಜಾಸ್ತಿ, ಕಾರಣ ಕಮ್ಮಿ. ಇದನ್ನು ಒಮ್ಮೆ ಗಮನಿಸಿದ ಮೇಲೆ ಎರಡನೇ ಚಿತ್ರದುದ್ದಕ್ಕೂ ಅದೇ ಕಾಣತೊಡಗಿತು.

ಬೆನ್ನಟ್ಟುವ ದೃಶ್ಯಗಳಲ್ಲಂತೂ ಇದು ಎದ್ದು ಕಾಣುತ್ತದೆ. ಮರುಭೂಮಿಯ ಟ್ರಕ್ ಚೇಸ್‌ನಲ್ಲಿ ಇಂಡಿಗೆ ಬೇಕಾದದ್ದು ಒಂದೇ, ನಾಜಿಗಳ ಟ್ರಕ್‌ನಲ್ಲಿರುವ ಪೆಟ್ಟಿಗೆ, ಅಂದರೆ ಚಿತ್ರದ ಹೆಸರಿನಲ್ಲಿರುವ ಆ ಪವಿತ್ರ ‘ಆರ್ಕ್’. ತೋಳಿಗೆ ಗುಂಡು ಬೀಳುತ್ತದೆ. ಆಮೇಲೆ ಒಳಬಂದ ಸೈನಿಕ ಅದೇ ಗಾಯದ ಮೇಲೆ ಮತ್ತೆ ಮತ್ತೆ ಗುದ್ದುತ್ತಾನೆ. ಗಾಜು ಒಡೆದು ಇಂಡಿಯನ್ನು ಮುಂದಕ್ಕೆ ಎಸೆಯುತ್ತಾನೆ. ಅಲ್ಲಿಂದ ಟ್ರಕ್ಕಿನ ಅಡಿಗೆ ಜಾರಿ, ಹಿಂದಕ್ಕೆ ಬಂದು, ಚಾವಟಿ ಹಿಡಿದು ನೆಲದಲ್ಲಿ ಎಳೆಸಿಕೊಂಡು ಹೋಗಿ ಮತ್ತೆ ಹತ್ತುತ್ತಾನೆ. ಟ್ರಕ್ ಅಡಿಯಲ್ಲಿ ಜಾರಿದ್ದು ಸ್ಟಂಟ್ ಕಲಾವಿದ ಟೆರಿ ಲಿಯೊನಾರ್ಡ್. ಮೈಗೆ ಜಾಗ ಸಿಗಲಿ ಅಂತ ರಸ್ತೆಯ ನಡುವೆ ಉದ್ದಕ್ಕೆ ಅಗೆದಿದ್ದರು. ಅಷ್ಟಾದರೂ ಅದು ನಿಜವಾದ ಮನುಷ್ಯ, ನಿಜವಾದ ಟ್ರಕ್. ಆ ಭಾರ ಫ್ರೇಮ್‌ನಲ್ಲಿ ಕಾಣುತ್ತದೆ.

ಗಣಿಯ ಟ್ರಾಲಿ ಚೇಸ್ ಬೇರೆ ಜಾತಿಯದು. ಅರ್ಧ ದೊಡ್ಡ ಸೆಟ್, ಅರ್ಧ ಪುಟ್ಟ ಮಾದರಿ. ಸಾಮಾನ್ಯ ಸಿನಿಮಾ ಕ್ಯಾಮೆರಾ ಬಳಸಿದ್ದರೆ ಮಾದರಿ ಸುರಂಗಗಳನ್ನು ಬಹಳ ದೊಡ್ಡದಾಗಿ ಕಟ್ಟಬೇಕಾಗುತ್ತಿತ್ತು. ಅದಕ್ಕೆ ನಿಕಾನ್ ಸ್ಟಿಲ್ ಕ್ಯಾಮೆರಾವನ್ನು ಮಾರ್ಪಡಿಸಿ, ಗೊಂಬೆಗಳನ್ನು ಕೂರಿಸಿದ ಟ್ರಾಲಿಯನ್ನು ಒಂದೊಂದೇ ಫ್ರೇಮ್ ಆಗಿ ತೆಗೆದರು. ಸದ್ದಿಗೆ ಡಿಸ್ನಿಲ್ಯಾಂಡಿನ ರೋಲರ್ ಕೋಸ್ಟರ್‌ಗಳ ಶಬ್ದ ಹಿಡಿದು ತಂದರು. ಮೊದಲ ಚಿತ್ರಕ್ಕೆ ಎಡಿಟಿಂಗ್ ಸೇರಿ ಹಲವು ಆಸ್ಕರ್ ಬಂದರೆ, ಎರಡನೆಯದಕ್ಕೆ ಬಂದದ್ದು ವಿಷುಯಲ್ ಎಫೆಕ್ಟ್ಸ್‌ಗೆ. ನನಗೆ ಟ್ರಾಲಿ ಚೇಸ್ ತುಂಬಾ ಇಷ್ಟ. ಬ್ರೇಕ್ ಮುರಿದಾಗ ಇಂಡಿ ತನ್ನ ಬೂಟುಗಾಲಿನಿಂದ ಟ್ರಾಲಿ ನಿಲ್ಲಿಸುವ ಜಾಗದಲ್ಲಿ ಈಗಲೂ ನನ್ನ ಕಾಲು ಬಿಗಿಯಾಗುತ್ತದೆ. ಆದರೆ ಆ ಚೇಸ್ ಮುಗಿದಾಗ ಕಥೆಯಲ್ಲಿ ಏನೂ ಬದಲಾಗಿರುವುದಿಲ್ಲ. ಟ್ರಕ್ ಚೇಸ್ ಮುಗಿದಾಗ ಪೆಟ್ಟಿಗೆ ಕೈ ಬದಲಾಗಿರುತ್ತದೆ.

ಇದಕ್ಕೆ ಒಂದು ಹಿನ್ನೆಲೆ ಇದೆ. ಟ್ರಾಲಿ ಚೇಸ್ ಮತ್ತು ವಿಮಾನದಿಂದ ರಬ್ಬರ್ ದೋಣಿಯಲ್ಲಿ ಹಾರುವುದು, ಎರಡೂ ಮೊದಲ ಚಿತ್ರಕ್ಕೆ ಯೋಚಿಸಿ ಕೈಬಿಟ್ಟಿದ್ದವು. ಎತ್ತಿಟ್ಟ ದೃಶ್ಯಗಳಿಗೆ ಆಮೇಲೆ ಕಥೆ ಹೊಂದಿಸಿದರೆ ಹೊಲಿಗೆ ಕಾಣದೇ ಇರುವುದಿಲ್ಲ. ಮೊದಲನೆಯದರಲ್ಲಿ ಇಂಡಿ ನೇಪಾಳಕ್ಕೆ ಹೋಗುವುದು ಪದಕಕ್ಕಾಗಿ, ಕೈರೋಗೆ ಹೋಗುವುದು ಆ ಪದಕ ಸಿಕ್ಕಿದ್ದರಿಂದ. ಎರಡನೆಯದರಲ್ಲಿ ಅವನನ್ನು ನಮ್ಮ ದೇಶದ ಹಳ್ಳಿಗೆ ತಲುಪಿಸುವುದು ಹೊಳೆಯ ನೀರು.

ಹಾಗಂತ ಎರಡನೇ ಚಿತ್ರದಲ್ಲಿ ಮೊದಲನೆಯದಕ್ಕಿಂತ ಮೇಲಾದದ್ದು ಇಲ್ಲ ಅಂತಲ್ಲ. ಇಂಡಿ ತಾನು ಹುಡುಕಿಕೊಂಡು ಬಂದ ಪವಿತ್ರ ಕಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡಾಗಿದೆ, ಸುಮ್ನೆ ಹೊರಟುಬಿಡಬಹುದು. ಆಗ ಕೆಳಗೆ ಗಣಿಯಲ್ಲಿ ಜೀತಕ್ಕಿಟ್ಟ ಮಕ್ಕಳನ್ನು ಹೊಡೆಯುವುದು ಕಾಣುತ್ತದೆ. ಅವನು ಕಾವಲುಗಾರನತ್ತ ನೆಲದ ಒಂದು ಕಲ್ಲು ಎತ್ತಿ ಎಸೆಯುತ್ತಾನೆ. ಅದರಿಂದಲೇ ಸಿಕ್ಕಿಬೀಳುತ್ತಾನೆ. ಕೀರ್ತಿಗಾಗಿ ಬಂದವನು ಮಕ್ಕಳಿಗಾಗಿ ನಿಲ್ಲುವ ಇಂಥ ತಿರುವು ಮೊದಲ ಚಿತ್ರದಲ್ಲಿ ಇಲ್ಲ. ಇನ್ನೊಂದು, ಖಾಲಿ ಹೋಲ್‌ಸ್ಟರ್, ಅಂದರೆ ಸೊಂಟದ ಬಂದೂಕಿನ ಚೀಲ. ಮೊದಲ ಚಿತ್ರದಲ್ಲಿ ಕತ್ತಿ ಬೀಸುವವನನ್ನು ಒಂದೇ ಗುಂಡಿಗೆ ಬೀಳಿಸಿದ್ದ ಇಂಡಿ, ಇಲ್ಲಿ ಇಬ್ಬರು ಕತ್ತಿವೀರರು ಎದುರಾದಾಗ ಅದೇ ಧೈರ್ಯದಲ್ಲಿ ಸೊಂಟಕ್ಕೆ ಕೈ ಹಾಕುತ್ತಾನೆ. ಬಂದೂಕಿಲ್ಲ. ಕಥೆಯ ಕಾಲದಲ್ಲಿ ಇದು 1935, ಮೊದಲ ಚಿತ್ರ 1936. ಅಂದರೆ ಅವನಿಗೆ ಆ ಹಳೆಯ ನೆನಪು ಇರಲು ಸಾಧ್ಯವೇ ಇಲ್ಲ, ನೆನಪಿರುವುದು ನಮಗೆ. ಎರಡನೇ ಭಾಗಕ್ಕೆ ಮಾತ್ರ ಸಿಗುವ ಬಂಡವಾಳ ಇದು, ಅಲ್ವಾ?

ಇನ್ನು ಭಾರತ. ಇದನ್ನು ಬಿಟ್ಟು ಈ ಹೋಲಿಕೆ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಸರ್ಕಾರ ಚಿತ್ರಕಥೆಗೆ ಆಕ್ಷೇಪ ಎತ್ತಿದ್ದರಿಂದ ಶೂಟಿಂಗ್ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಪರದೆಯ ಮೇಲೆ ಭಾರತದ ಹಳ್ಳಿಗರು ಸಿಂಹಳ ಮಾತಾಡುತ್ತಾರೆ. ಅರಮನೆಯ ಊಟದಲ್ಲಿ ಕೋತಿಯ ಮಿದುಳು ಬಡಿಸುತ್ತಾರೆ. ಚಿತ್ರದ ಖಳರು ಠಗ್ಗರು, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಗುಂಪಿನವರು. ನಿಜವಾದ ಠಗ್ಗರು ಕೊಲ್ಲುತ್ತಿದ್ದದ್ದು ಬಟ್ಟೆಯಿಂದ ಕುತ್ತಿಗೆ ಬಿಗಿದು. ಅವರ ಕಥೆ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಮೆಡೋಸ್ ಟೇಲರ್ ಆಮೇಲೆ ನಮ್ಮ ಸುರಪುರದಲ್ಲೇ ಎಷ್ಟೋ ವರ್ಷ ಆಡಳಿತ ನೋಡಿಕೊಂಡಿದ್ದವನು. ಚಿತ್ರದವರಿಗೆ ಆ ಭಯ ಸಾಲಲಿಲ್ಲ, ಎದೆಯಿಂದ ಗುಂಡಿಗೆ ಕೀಳುವುದನ್ನು ಕಾಳಿಯ ಪೂಜೆಗೆ ಅಂಟಿಸಿದರು. ಅಮ್ಮಾ ಅಂತ ಕೈಮುಗಿದು ಬೆಳೆದವರಿಗೆ ಅದು ನೋವು ಕೊಡುತ್ತದೆ. ನನಗೂ ಕೊಟ್ಟಿದೆ. ಗೊಂಬೆಯ ವಿಷಯದಲ್ಲಿ ಕಂಡ ಅಸಡ್ಡೆಯೇ ಇಲ್ಲೂ ಇದೆ. ಕಾರಣ ಹುಡುಕುವ ಬದಲು ಕೈಗೆ ಸಿಕ್ಕಿದ್ದನ್ನು ಸೇರಿಸಿದ್ದಾರೆ.

ಅದರ ನಡುವೆಯೂ ಅಮರೀಶ್ ಪುರಿ ಅವರನ್ನು ನೋಡಿ. 1973ರ ‘ಕಾಡು’ ಚಿತ್ರದಲ್ಲಿ ನಮ್ಮವರೇ ಆಗಿದ್ದವರು. ಠಗ್ಗರ ಪೂಜಾರಿ ಮೋಲಾ ರಾಮ್ ಪಾತ್ರಕ್ಕೆ ತಲೆ ಬೋಳಿಸಿಕೊಂಡರು, ಕಣ್ಣು ಮಿಟುಕಿಸದೆ ಫ್ರೇಮ್ ಹಿಡಿದಿಟ್ಟರು. ಮೊದಲ ಚಿತ್ರದ ಬೆಲಾಕ್ ನಯವಾದ ಖಳ, ಆದರೆ ಮುಖ ನೋಡಿಯೇ ಹೆದರಿಸುವವನಲ್ಲ.

ಕೂಟದಲ್ಲಿ ಕೊನೆಗೆ ಒಬ್ಬರು ಕೇಳಿದರು, ಎರಡನೇ ಚಿತ್ರದಿಂದ ಒಂದೇ ದೃಶ್ಯ ಉಳಿಸಿಕೊಳ್ಳಿ ಅಂದರೆ ಯಾವುದು ಅಂತ. ಶಾಂಘೈ ಕ್ಲಬ್ ಅಂದೆ. ವಿಷ ಕುಡಿದ ಇಂಡಿಗೆ ನೆಲದಲ್ಲಿ ಉರುಳುವ ಮದ್ದಿನ ಸೀಸೆ ಬೇಕು. ಕ್ಲಬ್ಬಿನ ಹಾಡುಗಾರ್ತಿ ವಿಲ್ಲಿಗೆ ವಜ್ರ ಬೇಕು. ಮೇಲಿಂದ ಬಲೂನು ಬೀಳುತ್ತಿವೆ, ಐಸ್ ತುಂಡುಗಳು ಚೆಲ್ಲಿವೆ, ನೂರು ಕಾಲುಗಳು ಓಡುತ್ತಿವೆ. ಅಲ್ಲಿ ಪ್ರತಿಯೊಬ್ಬರಿಗೂ ಬೇಕಾದದ್ದು ಏನು ಅಂತ ನಮಗೆ ಸ್ಪಷ್ಟವಾಗಿ ಗೊತ್ತಿದೆ. ಆ ಗಲಾಟೆಯಲ್ಲೂ ಕಣ್ಣು ಒಂದು ಕ್ಷಣ ದಾರಿ ತಪ್ಪುವುದಿಲ್ಲ. ನನ್ನ ಹತ್ತಿರ ಎಡಿಟಿಂಗ್ ಕಲಿಯಲು ಬರುವವರಿಗೆ ಈಗ ಟ್ರಕ್ ಚೇಸ್ ಆದ ಕೂಡಲೇ ಅದನ್ನೇ ಹಾಕುತ್ತೇನೆ, ಸೌಂಡ್ ಆಫ್ ಮಾಡಿ.