ರೋಡೊಮಾಂಟೇಡ್ ಕೊನೆಗೂ ತಲೆಗೆ ಹತ್ತಿತು

ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಪದಸಂಪತ್ತು ಹೇಳಿಕೊಡುವವರಿಗೆ ಬಡಾಯಿ ಸೂಚಿಸುವ ಇಂಗ್ಲಿಷ್ ಪದಗಳ ಗುಂಪು ಗೊತ್ತೇ ಇದೆ: ಬ್ರ್ಯಾಗಡೋಶಿಯೊ, ಗ್ಯಾಸ್ಕನೇಡ್, ಥ್ರಸಾನಿಕಲ್, ರೋಡೊಮಾಂಟೇಡ್. ಕೊನೆಯದು ಮಹಾ ಮೊಂಡು. ಉರು ಹೊಡೆಸಿದರೆ ವಾರದೊಳಗೆ ಮಾಯ. ಬಣ್ಣದ ಕಾರ್ಡು ಅಚ್ಚು ಹಾಕಿಸಿದೆ, ಆ್ಯಪ್‌ಗಳಿಗೆ ಚಂದಾ ಕಟ್ಟಿದೆ; ಒಂದು ಬ್ಯಾಚಿನ ಶುಲ್ಕದಲ್ಲಿ ಮೂರನೇ ಒಂದು ಪಾಲಾದರೂ ಅದಕ್ಕೇ ಹೋಗಿರಬೇಕು. ಪದ ಒಡೆದು ಧಾತು ತೋರಿಸುವ ದಾರಿಯೂ ಕೈಕೊಟ್ಟಿತು. ಹುಡುಗರಿಗೆ ‘ರೋಡೆಂಟ್’ ನೆನಪಾಗಿ, ಬೆಟ್ಟ ಕೊರೆಯುವ ಇಲಿ ಎಂದು ಬರೆದರು.

ಆಮೇಲೆ ಅರ್ಥ ಹೇಳುವುದನ್ನೇ ಬಿಟ್ಟು, ಪದದ ಹಿಂದಿರುವ ಆಸಾಮಿಯನ್ನು ತರಗತಿಗೆ ಕರೆತಂದೆ. “ಪದಕ್ಕೊಂದು ಕಥೆ ಅಂತ ಕೂತ್ರೆ ಪಟ್ಟಿ ಮುಗಿಯೋದು ಯಾವ ಕಾಲಕ್ಕೆ ಸಾರ್?” ಎಂದರು ಜತೆಯ ಮೇಷ್ಟ್ರುಗಳು.

ರೊಡೊಮೊಂತೆ ಇಟಲಿಯ ಕವಿ ಬೊಯಾರ್ಡೊ ಹುಟ್ಟಿಸಿದ ಪಾತ್ರ, ಅಲ್ಜೀರ್ಸಿನ ದೊರೆ. ಹೆಸರಿನ ಅರ್ಥ ಬೆಟ್ಟ ಉರುಳಿಸುವವ. 1516ರಲ್ಲಿ ಇನ್ನೊಬ್ಬ ಕವಿ ಅರಿಯೊಸ್ತೊ ತನ್ನ ‘ಒರ್ಲಾಂಡೋ ಫ್ಯೂರಿಯೋಸೊ’ ಕಾವ್ಯದಲ್ಲಿ ಅವನನ್ನು ಮುಂದುವರಿಸಿದ. ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಪೊಳ್ಳು ಬಡಾಯಿ ಎಂಬ ಅರ್ಥ ಅವನಿಗೆ ಅನ್ಯಾಯವೇ ಸರಿ. ಕಾವ್ಯದಲ್ಲಿ ಅವನು ಕಂದಕ ಹಾರಿ ಒಬ್ಬನೇ ಪ್ಯಾರಿಸಿನೊಳಗೆ ನುಗ್ಗಿ ಕಾದಾಡಿ, ಸೇನ್ ನದಿ ಈಜಿ ಪಾರಾಗುತ್ತಾನೆ. ಬಾಯಿ ದೊಡ್ಡದು, ತೋಳೂ ದೊಡ್ಡದು. ಈ ಅನ್ಯಾಯದ ಮೇಲೆ ತರಗತಿಯಲ್ಲಿ ಜಗಳ ಹಚ್ಚಿಬಿಟ್ಟೆ. ಜಗಳವಾಡಿದವರು ಪದ ಮರೆಯಲಿಲ್ಲ. ಎರಡು ತಿಂಗಳ ನಂತರ ಹೇಳದೆ ಕೇಳಿದಾಗ ಹತ್ತರಲ್ಲಿ ಏಳೆಂಟು ಮಂದಿ ಸರಿ ಹೇಳಿದರು; ಮೊದಲು ಇಬ್ಬರೂ ಇರುತ್ತಿರಲಿಲ್ಲ. ಈಗ ಅದೇ ಮೇಷ್ಟ್ರುಗಳು ನನ್ನ ಟಿಪ್ಪಣಿ ಕೇಳುತ್ತಿದ್ದಾರೆ. ಪಾತ್ರ ಹೇಳುವ ಮುಂಚೆ ನಾನು ಕೇಳುವ ಎರಡು ಪ್ರಶ್ನೆಗಳನ್ನು ಮಾತ್ರ ಕೊಟ್ಟಿಲ್ಲ, ಇಲ್ಲೂ ಬರೆಯುವುದಿಲ್ಲ.

ಥ್ರಸಾನಿಕಲ್ ಇನ್ನೂ ಸಲೀಸು. ರೋಮಿನ ನಾಟಕಕಾರ ಟೆರೆನ್ಸನ ಕ್ರಿ.ಪೂ. 161ರ ನಾಟಕದಲ್ಲಿ ಥ್ರಾಸೊ ಎಂಬ ಸಿಪಾಯಿ ಒಬ್ಬ ಹೆಣ್ಣಿನ ಮನೆಗೆ ಮುತ್ತಿಗೆ ಹಾಕುತ್ತಾನೆ. ಅವನ ಕಡೆಯ ಅಡುಗೆಯವ ಆಯುಧದ ಬದಲು ಗಾಯ ಒರೆಸಲು ಸ್ಪಂಜು ತಂದಿದ್ದಾನೆ! ಥ್ರಾಸೊ ತಾನು ಎಲ್ಲರ ಹಿಂದೆ ನಿಂತು, ಗ್ರೀಕರ ಯುದ್ಧವೀರ ಪಿರ್ರಸ್ ದೊರೆಯೂ ಹೀಗೇ ಮಾಡುತ್ತಿದ್ದ ಎನ್ನುತ್ತಾನೆ. “ಉತ್ತರಕುಮಾರ!” ಎಂದು ಹಿಂದಿನ ಬೆಂಚಿನವರು ಕೂಗಿದರು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು.

ಬ್ರ್ಯಾಗಡೋಶಿಯೊ ಇಂಗ್ಲಿಷ್ ಕವಿ ಸ್ಪೆನ್ಸರನ 1590ರ ಕಾವ್ಯದ ಅದೇ ಹೆಸರಿನ ಪಾತ್ರದಿಂದ ಬಂದದ್ದು. ಕದ್ದ ಕುದುರೆಯೇರಿ ಮೆರೆದವನ ಗಡ್ಡ ಕೊನೆಗೆ ಬೋಳಿಸುತ್ತಾರೆ ಎಂದರೆ ಸಾಕು.

ಗ್ಯಾಸ್ಕನೇಡ್ ಮಾತ್ರ ಸತಾಯಿಸುತ್ತಿದೆ. ಅದರ ಹಿಂದೆ ಮನುಷ್ಯನಿಲ್ಲ, ಫ್ರಾನ್ಸಿನ ನೈಋತ್ಯದ ಗ್ಯಾಸ್ಕನಿ ಪ್ರಾಂತ್ಯವಿದೆ. ಪ್ರಾಂತ್ಯಕ್ಕೆ ಮುಖವೆಲ್ಲಿಂದ ತರೋಣ? ಫ್ರೆಂಚ್ ಕಾದಂಬರಿಕಾರ ಡ್ಯೂಮಾನ ‘ತ್ರೀ ಮಸ್ಕಿಟಿಯರ್ಸ್’ ನಾಯಕ ದಾರ್ತಾನ್ಯಾನ್ ಗ್ಯಾಸ್ಕನಿಯವನೇ, ಅವನನ್ನು ತಗಲಿಸಿ ನೋಡಿದೆ. ಅರ್ಧದಷ್ಟು ಮಂದಿಗೆ ಹತ್ತಿತು. ಮುಂದಿನ ಬ್ಯಾಚಿಗೆ ಫ್ರೆಂಚ್ ನಾಟಕದ ಗ್ಯಾಸ್ಕನ್ ನಾಯಕ ಸಿರಾನೊನನ್ನು ಕರೆತರುವ ಯೋಚನೆಯಿದೆ.